ಕೊಕ್ಕೆಗೆ ಮರಳದ ಲೋಟ

ಪಶ್ಚಿಮ ಟೆಕ್ಸಸ್‌ನ ಆ ಪುಟ್ಟ ಊರಿನಲ್ಲಿ ವರ್ಲೀನಳ ಕೆಫೆಗೆ ಬೆಳಗಿನ ಕಾಫಿಗೆ ಬರುವವರು ಗಿರಾಕಿಗಳಲ್ಲ, ಮನೆಯವರೆಂದೇ ಲೆಕ್ಕ. ಗೋಡೆಯ ಕೊಕ್ಕೆಗಳಲ್ಲಿ ಅವರವರ ಹಿಡಿಯುಳ್ಳ ಪಿಂಗಾಣಿ ಲೋಟಗಳು ತೂಗುತ್ತಿರುತ್ತವೆ. ಬಂದವನು ತನ್ನ ಲೋಟ ಇಳಿಸಿಕೊಂಡು ದುಂಡು ಮೇಜಿಗೆ ಕೂರಬೇಕು, ಏಳುವಾಗ ತೊಳೆದು ತೂಗುಹಾಕಬೇಕು. ಲೋಟ ಆ ಕೆಫೆ ಬಿಟ್ಟು ಹೋಗುವುದು ಅದರ ಒಡೆಯ ಸತ್ತಾಗ ಮಾತ್ರ. ಮಣ್ಣು ಮುಗಿಸಿಕೊಂಡು ಬಂದ ಮನೆಯವರು ಅದನ್ನು ಕೇಳಿ ಒಯ್ಯುತ್ತಾರೆ.

ವರ್ಲೀನಳ ಗಂಡ ಡೆಲ್ಬರ್ಟ್ ಹೋದಾಗ ಅವನ ಲೋಟ ಇಳಿಸಲು ಅವಳಿಗೆ ಕೈ ಬರಲಿಲ್ಲ. ಇಳಿಸಿಕೊಟ್ಟವನು ಆರ್ವಿಲ್, ಡೆಲ್ಬರ್ಟ್‌ನ ಬಾಲ್ಯದ ಗೆಳೆಯ, ದನ ಸಾಕುವವನು. ಸೋರುವ ಚಾವಣಿ ಹತ್ತಿ ರಿಪೇರಿ ಮಾಡಿದವನೂ ಅವನೇ. ಒಂಟಿ ಹೆಂಗಸು ಬಾಗಿಲು ತೆಗೆಯುವಾಗ ಯಾರಾದರೂ ಇರಲಿ ಎಂದು ದಿನವೂ ಎಲ್ಲರಿಗಿಂತ ಮೊದಲು ಬರುತ್ತಿದ್ದ. ಅವನಿಲ್ಲದಿದ್ದರೆ ಕೆಫೆಗೆ ಎಂದೋ ಬೀಗ ಬೀಳುತ್ತಿತ್ತು.

ಆರ್ವಿಲ್‌ನ ಸೊಂಟದಲ್ಲಿ ತಾತನ ಕಾಲದ ರಿವಾಲ್ವರ್ ಇರುತ್ತಿತ್ತು. ಕಾನೂನಿನ ಅಡ್ಡಿಯಿಲ್ಲ. ಊರಿನವರು ಅವನ ಟೋಪಿಯನ್ನು ಎಷ್ಟು ಗಮನಿಸುತ್ತಿದ್ದರೋ ಅದನ್ನೂ ಅಷ್ಟೇ ಗಮನಿಸುತ್ತಿದ್ದರು. ಒಂದು ಬೆಳಿಗ್ಗೆ ಕೆಳಗೆ ಬಿದ್ದ ಫೋರ್ಕ್ ಎತ್ತಿಕೊಳ್ಳಲು ಅವನು ಬಗ್ಗಿದಾಗ ರಿವಾಲ್ವರ್ ಜಾರಿ ನೆಲಕ್ಕೆ ಬಿದ್ದು ಸಿಡಿಯಿತು. ಕಾಫಿ ಬಡಿಸುವ ಇಮೆಲ್ಡಾಳ ಮಂಡಿಯ ಪಕ್ಕದಲ್ಲೇ ಹಾದ ಗುಂಡು ಹಣ್ಣು ತುಂಬಿ ಬೇಯಿಸಿದ ಪೈ ಇಡುವ ಗಾಜಿನ ಕಪಾಟನ್ನು ಪುಡಿ ಮಾಡಿತು.

"ಆರ್ವಿಲ್ ಕೊನೆಗೂ ಒಂದು ಬೇಟೆ ಹೊಡೆದ ಕಣ್ರೋ, ಪೀಚ್ ಪೈ," ಅಂದ ಅದೇ ಮೇಜಿನಲ್ಲಿ ಕೂತಿದ್ದ ಕ್ಲೆಟಸ್. ಮೇಜೆಲ್ಲ ನಕ್ಕಿತು. ಇಮೆಲ್ಡಾಳೂ ನಕ್ಕಳು. ನಗದೆ ಇನ್ನೇನು ಮಾಡುತ್ತಾಳೆ, ಪಾಪ. ಆದರೆ ಅಂದಿನಿಂದ ಆರ್ವಿಲ್‌ನ ಕುರ್ಚಿ ಕಿರ್ರೆಂದರೂ ಸಾಕು, ಅವಳ ಕೈಯ ಕಾಫಿ ಚೆಲ್ಲುತ್ತಿತ್ತು.

"ಮಿಸ್ ವರ್ಲೀನ್, ಬೇಜಾರ್ ಮಾಡ್ಕೋಬೇಡಿ," ಅಂದಳು ಒಂದು ದಿನ. "ಆ ಮೇಜಿನ ಹತ್ರ ಹೋಗೋಕೆ ನನ್ನಿಂದಾಗ್ತಿಲ್ಲ. ಬೇರೆ ಕಡೆ ಕೆಲಸ ನೋಡ್ಕೋತೀನಿ."

ವರ್ಲೀನಳಿಗೆ ಇಬ್ಬರೂ ಬೇಕು. ಆರ್ವಿಲ್‌ಗೆ ನೇರವಾಗಿ ಹೇಳುವ ಧೈರ್ಯವಿಲ್ಲದೆ ಒಂದು ರಟ್ಟಿನ ಮೇಲೆ 'ದಯವಿಟ್ಟು ಬಂದೂಕನ್ನು ಗಾಡಿಯಲ್ಲೇ ಬಿಟ್ಟು ಬನ್ನಿ' ಎಂದು ಬರೆದು, ಸುತ್ತ ಹೂಬಳ್ಳಿ ಬಿಡಿಸಿ, ಬಾಗಿಲಿಗೆ ಅಂಟಿಸಿದಳು. ಮರುದಿನ ಆರ್ವಿಲ್ ಅದರ ಮುಂದೆ ಕನ್ನಡಕ ಏರಿಸಿ ನಿಂತ. ಆಮೇಲೆ ರಿವಾಲ್ವರ್ ಸಮೇತ ಒಳಗೆ ಬಂದು ಕೂತ.

"ಅದು ಕಾನೂನಿನ ಬೋರ್ಡಲ್ಲ ಕಣಮ್ಮಾ, ಹುಟ್ಟುಹಬ್ಬದ ಕಾರ್ಡು," ಅಂದ. "ಅಕ್ಷರ ಇಷ್ಟಿಷ್ಟು ದಪ್ಪ ಇರ್ಬೇಕು, ಸ್ಪ್ಯಾನಿಷ್‌ನಲ್ಲೂ ಇರ್ಬೇಕು, ಕಾನೂನಲ್ಲಿರೋ ಮಾತೇ ಇರ್ಬೇಕು. ಇಲ್ಲಾಂದ್ರೆ ನೀನೇ ಬಂದು ಮುಖದ ಮೇಲೆ ಹೇಳ್ಬೇಕು. ಅದು ನಿನ್ ಕೈಲಾಗೋ ಕೆಲಸ ಅಲ್ಲ ಬಿಡು."

ಮೇಜು ಮತ್ತೆ ನಕ್ಕಿತು. ಆರ್ವಿಲ್ ನಗುತ್ತ ಕುರ್ಚಿ ಹಿಂದಕ್ಕೆಳೆದ. ಇಮೆಲ್ಡಾ ಬೆಚ್ಚಿಬಿದ್ದಳು. ಬಿಸಿ ಕಾಫಿ ಅವಳ ಕೈಮೇಲೇ ಚೆಲ್ಲಿತು. ಅವಳು ಒದ್ದೆ ಬಟ್ಟೆ ಸುತ್ತಿಕೊಂಡಳು. ವರ್ಲೀನ್ ನೇರವಾಗಿ ಆ ಮೇಜಿನ ಹತ್ತಿರ ಬಂದಳು.

"ಸರಿ, ಮುಖದ ಮೇಲೇ ಹೇಳ್ತೀನಿ," ಅಂದಳು. "ಅದನ್ನ ಗಾಡೀಲಿ ಇಟ್ಟು ಬಾ, ಆರ್ವಿಲ್."

"ಇದನ್ನ ಇಟ್ಕೊಳ್ಳೋ ಹಕ್ಕು ನಂಗಿದೆ."

"ಇದೆ. ಯಾರು ಇಲ್ಲ ಅಂದ್ರು? ನಿನ್ ಬೇಲಿ ಕಂಬಕ್ಕೆ ನೇರಳೆ ಬಣ್ಣ ಬಳಿದಿದೀಯಲ್ಲ, ಅದ್ರಲ್ಲಿ ಒಂದಕ್ಷರನಾದ್ರೂ ಇದ್ಯಾ? ಆದ್ರೂ ಒಳಗೆ ಕಾಲಿಡಬಾರದು ಅಂತ ಊರಿಗೆಲ್ಲ ಗೊತ್ತು. ನಿನ್ ಹುಲ್ಲುಗಾವಲು ನಿಂದಾದ್ರೆ ನನ್ ಬಾಗಿಲು ನಂದಲ್ವಾ?"

"ಇದು ಆ ಹುಡುಗಿ ಹೇಳಿಕೊಟ್ಟ ಮಾತು."

"ಗುಂಡು ಹೋಗಿದ್ದು ಅವಳ ಮಂಡಿ ಪಕ್ಕ. ಮಾತು ನಂದೇ."

ಆರ್ವಿಲ್‌ನ ಮುಖ ಕೆಂಪಾಯಿತು. "ಡೆಲ್ಬರ್ಟ್ ಇದ್ದಿದ್ರೆ ಹೀಗೆ ಹೇಳ್ತಿರಲಿಲ್ಲ."

"ಹೇಳ್ತಿರಲಿಲ್ಲ. ನಿನ್ ಮುಂದೆ ಅವನಿಗೂ ಬಾಯಿ ಬರ್ತಿರಲಿಲ್ಲ."

ಅವನು ಎದ್ದ. ಗಾಡಿಯ ತನಕ ಹೋಗಿ ಬರುತ್ತಾನೆ ಎಂದುಕೊಂಡಳು ವರ್ಲೀನ್. ಅವನು ಉಳಿದ ಕಾಫಿ ಕುಡಿದು, ಲೋಟ ತೊಳೆದು, ಕರವಸ್ತ್ರದಿಂದ ಒರೆಸಿದ. ಕೊಕ್ಕೆಯ ಕಡೆ ತಿರುಗಲೇ ಇಲ್ಲ.

"ಲೋಟ ಇಟ್ಟು ಹೋಗು, ಆರ್ವಿಲ್." ವರ್ಲೀನ್ ಅಡ್ಡ ಬಂದು ನಿಂತಳು. "ನೀನು ಬರಬೇಡ ಅನ್ನಲಿಲ್ಲ ನಾನು."

"ಡೆಲ್ಬರ್ಟಂದು ಇಳಿಸಿಕೊಟ್ಟೋನು ನಾನೇ," ಅಂದ ಅವನು. "ನಂದನ್ನೂ ನಾನೇ ತಗೊಂಡು ಹೋಗ್ತೀನಿ."

ಕಿಟಕಿಯಾಚೆ ಅವನ ಗಾಡಿ ಹೊರಟುಹೋಯಿತು. ಕ್ಲೆಟಸ್ ಎದ್ದು ಹೊರಗೆ ಹೋಗಿ, ತನ್ನ ಸೊಂಟದ ಬಂದೂಕನ್ನೂ ಗಾಡಿಯಲ್ಲಿಟ್ಟು ಬಂದು ಕೂತ. ಇಮೆಲ್ಡಾ ಬಟ್ಟೆ ಸುತ್ತಿದ ಕೈಯಲ್ಲೇ ಅವನ ಲೋಟಕ್ಕೆ ಕಾಫಿ ಬಗ್ಗಿಸಿದಳು. ಒಂದು ಹನಿಯೂ ಚೆಲ್ಲಲಿಲ್ಲ. ವರ್ಲೀನ್ ಅದನ್ನು ನೋಡಿದಳು. ತಾನು ಮಾಡಿದ್ದು ಸರಿಯೆಂದು ಅವಳಿಗೆ ಗೊತ್ತಿತ್ತು. ಆದರೂ ಅಡುಗೆಮನೆಗೆ ಹೋಗಿ, ಡೆಲ್ಬರ್ಟ್ ಸತ್ತ ದಿನ ಅತ್ತ ಹಾಗೆಯೇ ಅತ್ತಳು.