ರಾಮಾಂಜಿನಪ್ಪನ ಬಲಗಿವಿ

ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡುಗಳಲ್ಲಿ ರಾಮಾಂಜಿನಪ್ಪ ಮೇಸ್ತ್ರಿಗೆ ದೊಡ್ಡ ಹೆಸರಿತ್ತು. ಹನ್ನೆರಡು ಮಗ್ಗ ಒಟ್ಟಿಗೆ ಬಡಿಯುತ್ತಿದ್ದ ಶೆಡ್ಡಿನ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆಯೇ, ಕಿಟಕಿ ಕಡೆಯಿಂದ ಮೂರನೆಯದರ ಬೇರಿಂಗು ಹೋಗುತ್ತಿದೆ ಎಂದು ಹೇಳಿಬಿಡುವ ಆಸಾಮಿ. ಮಾಕಳಿದುರ್ಗದ ಕೆಳಗಿನ ಹಳ್ಳಿಯಲ್ಲಿದ್ದ ರಾಗಿಹೊಲವನ್ನು ತಮ್ಮನಿಗೆ ಬಿಟ್ಟು, ಮಗ್ಗಗಳಿಗೆ ಎಣ್ಣೆ ಹಾಕುವ ಕೆಲಸಕ್ಕೆ ಸೇರಿಕೊಂಡವನು. ಓದಿದ್ದು ನಾಲ್ಕನೇ ಕ್ಲಾಸು. ಉಳಿದದ್ದನ್ನೆಲ್ಲ ಕಿವಿಯೇ ಕಲಿಸಿತು.

ಆ ಕಿವಿಯನ್ನು ಅವನು ನೋಡಿಕೊಳ್ಳುತ್ತಿದ್ದ ರೀತಿ ಮಾತ್ರ ಬೇರೆ. ಮಗ್ಗದವರೆಲ್ಲ ಸದ್ದು ತಡೆಯಲು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದರು. ಇವನು ಯಂತ್ರ ಒರೆಸುವ ಹತ್ತಿಯ ಉಂಡೆಯಿಂದಲೇ ಒಂದು ಚೂರು ಹರಿದು ಇಟ್ಟುಕೊಳ್ಳುತ್ತಿದ್ದ. ಕೇಳಬೇಕಾದಾಗ ಕಿತ್ತು, ಕೇಳಿದ ಮೇಲೆ ಅದನ್ನೇ ಮತ್ತೆ ತುರುಕುತ್ತಿದ್ದ; ದಿನಕ್ಕೆ ಮೂವತ್ತು ಸಲವಾದರೂ ಹೀಗೆ ನಡೆಯುತ್ತಿತ್ತು. ನವೆಯಾದರೆ ಕೆರೆದುಕೊಳ್ಳಲು ಮಗ್ಗದ ಹಣಿಗೆಯಿಂದ ಮುರಿದ ತಂತಿ ಜೇಬಿನಲ್ಲೇ ಇರುತ್ತಿತ್ತು. ಮಗ್ಗದ ಯಾವ ಭಾಗಕ್ಕೂ ಕೊಳೆ ಸೇರಬಾರದೆಂದು ಹುಡುಗರಿಗೆ ಬಯ್ಯುತ್ತಿದ್ದವನೂ ಅವನೇ.

1969ರಲ್ಲಿ ಊರಿನ ಡಾಕ್ಟರು ಅವನ ಮೂತ್ರಕ್ಕೆ ನೀಲಿ ನೀರು ಬೆರೆಸಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ಅದು ಇಟ್ಟಿಗೆಯ ಕೆಂಪಿಗೆ ತಿರುಗಿತು, ಅಂದರೆ ಸಕ್ಕರೆ ವಿಪರೀತ. ಸೀರೆಗೆ ಬಣ್ಣ ಹಾಕುವುದನ್ನು ದಿನವೂ ನೋಡುತ್ತಿದ್ದ ರಾಮಾಂಜಿನಪ್ಪ, ಬಣ್ಣ ಚೆನ್ನಾಗಿ ಹತ್ತಿದೆ ಎಂದು ಮೆಚ್ಚಿಕೊಂಡ. ಸಕ್ಕರೆ ಕಾಯಿಲೆ ಆಗ ಅಮಲ್ದಾರರಿಗೆ, ರೇಷ್ಮೆ ವ್ಯಾಪಾರಿಗಳಿಗೆ ಬರುವ ಕಾಯಿಲೆ. ಹನ್ನೆರಡು ಮಗ್ಗದ ಮಾಲೀಕ ಕೊಂಡಪ್ಪನಿಗೂ ಇತ್ತು. ಮಾಲೀಕರ ಕಾಯಿಲೆ ಮೇಸ್ತ್ರಿಗೂ ಬಂದದ್ದು ಅವನಿಗೆ ಬಡ್ತಿ ಸಿಕ್ಕ ಹಾಗಿತ್ತು. ಕಾಫಿಗೆ ಸಕ್ಕರೆ ಬಿಟ್ಟು ಬೆಲ್ಲ ಹಾಕಿಸಿಕೊಂಡ. ಡಾಕ್ಟರು ಕೊಟ್ಟ ಮಾತ್ರೆಗಳನ್ನು ಅಂಗಾಲು ಉರಿದ ದಿನವಷ್ಟೇ ನುಂಗುತ್ತಿದ್ದ.

1972ರ ಆಷಾಢದಲ್ಲಿ ಬಲಗಿವಿ ನೋಯಲು ಶುರುವಾಯಿತು. ಹೆಂಡತಿ ರುಕ್ಮಿಣಮ್ಮ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟಳು. ನೋವು ದವಡೆಗೆ ಇಳಿದು ಮುದ್ದೆ ನುಂಗುವುದೇ ಕಷ್ಟವಾಯಿತು. ಕಿವಿಯಿಂದ ಕೀವು ಸುರಿದು ದಿಂಬು ನಾರತೊಡಗಿತು. ಇಷ್ಟಾದರೂ ಮೂರು ವಾರ ಅವನು ಡಾಕ್ಟರ ಹತ್ತಿರ ಹೋಗಲಿಲ್ಲ. ಮೇಸ್ತ್ರಿಯ ಕಿವಿ ಕೆಟ್ಟಿದೆ ಎಂಬ ಸುದ್ದಿ ಹಬ್ಬಿದರೆ ನಾಳೆಯಿಂದ ಅವನನ್ನು ಯಾರು ಕರೆಯುತ್ತಾರೆ? ಬಾಗಿಲಲ್ಲಿ ನಿಂತು, ಹಳೆಯ ನೆನಪಿನ ಮೇಲೆ ಅಂದಾಜು ಹೇಳಿಕೊಂಡು ದಿನ ದೂಡಿದ. ಎರಡು ಸಲ ತಪ್ಪಿತು. ಯಾರೂ ಅನುಮಾನಪಡಲಿಲ್ಲ; ತಪ್ಪು ಯಂತ್ರದ್ದೇ ಎಂದುಕೊಂಡರು.

ಒಂದು ಬೆಳಿಗ್ಗೆ ಕಾಫಿ ಬಾಯಿಯ ಬಲಮೂಲೆಯಿಂದ ಅಂಗಿಯ ಮೇಲೆ ಸೋರಿತು. ಬಲಗಣ್ಣು ಮುಚ್ಚಲಿಲ್ಲ. ಗಾಳಿ ಹೊಡೆದಿದೆ, ಶಿವಗಂಗೆಗೆ ಹರಕೆ ಹೊತ್ತುಕೊಳ್ಳಿ ಎಂದು ಅತ್ತಿಗೆ ಸೊಣ್ಣಮ್ಮ ತೀರ್ಮಾನ ಕೊಟ್ಟಳು. ರುಕ್ಮಿಣಮ್ಮ ಹರಕೆಯನ್ನೂ ಹೊತ್ತು, ಗಂಡನನ್ನೂ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರು ಮೊದಲು ಕೈಗೆ ಕೊಟ್ಟದ್ದು ಗಾಜಿನ ಬಾಟಲಿ. ರಾಮಾಂಜಿನಪ್ಪನಿಗೆ ಅವಮಾನವಾಯಿತು.

"ಕಿವಿ ನೋವು ಅಂತ ಬಂದ್ರೆ ಉಚ್ಚೆ ಕೇಳ್ತೀರಲ್ಲ ಸ್ವಾಮಿ."

ಬಣ್ಣ ಮತ್ತೆ ಇಟ್ಟಿಗೆ ಕೆಂಪಾಯಿತು. ಆಮೇಲೆ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಒಳಗೆ ಕೆಂಪು ಮಾಂಸ ಚಿಗುರಿತ್ತು. ಸಕ್ಕರೆ ಹೆಚ್ಚಿರುವ ಮೈಯಲ್ಲಿ ಇಂಥ ಸೋಂಕು ಕಿವಿಯಲ್ಲೇ ನಿಲ್ಲುವುದಿಲ್ಲ, ಮೂಳೆಗೆ ಇಳಿದು ತಲೆಬುರುಡೆಯ ಬುಡಕ್ಕೆ ಹರಡುತ್ತದೆ, ಮುಖದ ನರ ಆಗಲೇ ಸಿಕ್ಕಿಕೊಂಡಿದೆ, ಇವತ್ತೇ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗಬೇಕು ಎಂದು ವಿವರಿಸಿದರು. ವರಮಹಾಲಕ್ಷ್ಮಿ ಹಬ್ಬದ ಸೀರೆಗಳಿಗಾಗಿ ಮಗ್ಗಗಳು ಹಗಲಿರುಳು ಓಡುತ್ತಿದ್ದ ಕಾಲ.

"ಹಬ್ಬ ಕಳೆದ್ಮೇಲೆ ಹೋದ್ರೆ ಆಗಲ್ವಾ?"

"ಆಸ್ಪತ್ರೆ ಅಲ್ಲೇ ಇರುತ್ತೆ," ಎಂದರು ಡಾಕ್ಟರು. "ನೀವು ಇರ್ತೀರೋ ಇಲ್ವೋ ಹೇಳಕ್ಕಾಗಲ್ಲ."

ರುಕ್ಮಿಣಮ್ಮ ಸೆರಗು ಸಿಕ್ಕಿಸಿ ಎದ್ದಳು. "ಏಳಿ. ಬಾಗಿಲಲ್ಲಿ ನಿಂತು ಕೇಳಕ್ಕೆ ಮೊದಲು ತಲೆ ಇರಬೇಕಲ್ಲ."

ದೊಡ್ಡಾಸ್ಪತ್ರೆಯಲ್ಲಿ ಎಪ್ಪತ್ತೈದು ದಿನ ಕಳೆದವು. ಇನ್ಸುಲಿನ್, ಸೋಂಕಿಗೆ ಬೇರೆ ಸೂಜಿಗಳು, ಎರಡು ಸಲ ಕೊಳೆತ ಮೂಳೆ ಕೆರೆದದ್ದು. ಬೆಲ್ಲವೂ ಸಕ್ಕರೆಯೇ ಎಂಬುದನ್ನು ಅಲ್ಲಿನ ನರ್ಸಮ್ಮ ದಿನಕ್ಕೊಮ್ಮೆ ಹೇಳಿ ಬಾಯಿಪಾಠ ಮಾಡಿಸಿದಳು. ಬಾಯಿ ಬಹುಮಟ್ಟಿಗೆ ನೆಟ್ಟಗಾಯಿತು, ಕಣ್ಣು ಮುಚ್ಚಿತು. ಬಲಗಿವಿ ಮಾತ್ರ ಪೂರ್ತಿ ಹೋಯಿತು. ಬದುಕಿದ್ದೇ ಪುಣ್ಯ ಎಂದು ದೊಡ್ಡ ಡಾಕ್ಟರು ಹೇಳಿದ್ದನ್ನು ಅವನು ಎಡಗಿವಿಯಲ್ಲಿ ಕೇಳಿಸಿಕೊಂಡ.

ದಸರಾ ಕಳೆದ ಮೇಲೆ ಕೊಂಡಪ್ಪ ಹೇಳಿಕಳಿಸಿದ. ರಾಮಾಂಜಿನಪ್ಪ ಬಲಗಿವಿ ಹೋದ ಮಾತೆತ್ತದೆ, ಎಂದಿನಂತೆ ಶೆಡ್ಡಿನ ಬಾಗಿಲಲ್ಲಿ ನಿಂತ. ಒಳಗೆ ಒಂದು ಮಗ್ಗ ಕುಟ್ಟುತ್ತಿರುವುದು ಸ್ಪಷ್ಟವಾಗಿ ಕೇಳಿಸಿತು. ಆದರೆ ಎಲ್ಲಿಂದ? ಒಂದೇ ಕಿವಿಗೆ ಸದ್ದು ಕೇಳುತ್ತದೆ, ಸದ್ದಿನ ದಿಕ್ಕು ಸಿಗುವುದಿಲ್ಲ. ಹನ್ನೆರಡೂ ಮಗ್ಗಗಳು ಅವನ ಎಡಭುಜದ ಮೇಲೇ ಬಡಿಯುತ್ತಿದ್ದವು. ಕೊಂಡಪ್ಪ ಕಾಯುತ್ತಿದ್ದ. ಕೆಲಸದವರೂ ಇವನ ಬಾಯಿಯನ್ನೇ ನೋಡುತ್ತಿದ್ದರು.

"ಯಾವ್ದಪ್ಪಾ ಮೇಸ್ತ್ರಿ?"

"ಎಲ್ಲಾ ನಿಲ್ಸಿ ಸಾವ್ಕಾರ್ರೇ. ಒಂದೊಂದಾಗಿ ಓಡ್ಸಿ ನೋಡಣ."

"ಅರ್ಧ ದಿನ ಹೋಯ್ತದಲ್ಲಪ್ಪಾ."

"ಆಸ್ಪತ್ರೇಲಿ ನನ್ನೇ ಎಪ್ಪತ್ತೈದು ದಿನ ನಿಲ್ಸಿದ್ರು."

ಕುಟ್ಟುತ್ತಿದ್ದದ್ದು ಏಳನೆಯದು. ಒಂದೊಂದನ್ನೇ ನೋಡುವಾಗ ಇನ್ನೆರಡರಲ್ಲಿ, ಯಾರಿಗೂ ಗೊತ್ತಿಲ್ಲದೆ, ಬೇರಿಂಗು ಸವೆದದ್ದೂ ಸಿಕ್ಕಿತು. ಸಂಜೆಯ ಹೊತ್ತಿಗೆ ಊರಲ್ಲಿ ಸುದ್ದಿ: ಆಪರೇಷನ್ ಆದ ಮೇಲೆ ಮೇಸ್ತ್ರಿಯ ಕಿವಿ ಚುರುಕಾಗಿದೆ, ಮುಂಚೆ ಒಂದು ಕೇಳುತ್ತಿತ್ತು, ಈಗ ಮೂರು ಕೇಳುತ್ತದೆ. ಮಗ್ಗ ನಿಲ್ಲಿಸುವುದೆಂದರೆ ಜೀವ ಹೋದಂತಾಡುತ್ತಿದ್ದ ಮಾಲೀಕರೇ, ತಮ್ಮದನ್ನೂ ನಿಲ್ಲಿಸಿ ನೋಡಿ ಎಂದು ಸಾಲುಗಟ್ಟಿದರು. ರಾಮಾಂಜಿನಪ್ಪ ಯಾರನ್ನೂ ತಿದ್ದಲಿಲ್ಲ. ರುಕ್ಮಿಣಮ್ಮನೂ ತಿದ್ದಲಿಲ್ಲ, ಬೀದಿಯಲ್ಲಿ ಅವನ ಎಡಕ್ಕೆ ನಡೆಯುವುದನ್ನು ರೂಢಿ ಮಾಡಿಕೊಂಡಳು.

ಮುಂದಿನ ಯುಗಾದಿಯ ಹೊತ್ತಿಗೆ ಕೊಂಡಪ್ಪ ಅವನನ್ನು ಪಕ್ಕಕ್ಕೆ ಕರೆದು, ಆ ಆಪರೇಷನ್ ಮಾಡಿದ ಡಾಕ್ಟರ ಹೆಸರು ಕೇಳಿದ. ತನ್ನ ಅಳಿಯನಿಗೆ ಮಗ್ಗದ ಸದ್ದೇ ತಿಳಿಯುವುದಿಲ್ಲವಂತೆ, ಅವನಿಗೂ ಒಂದು ಮಾಡಿಸಿಬಿಡಬಹುದೇನೋ ಎಂದು ಆಸೆ.

"ಒಂದು ಕಿವಿ ಅಲ್ಲೇ ಕೊಟ್ಟು ಬರಬೇಕು ಸಾವ್ಕಾರ್ರೇ," ಎಂದ ರಾಮಾಂಜಿನಪ್ಪ.

ಕೊಂಡಪ್ಪ ತಮಾಷೆಯೆಂದುಕೊಂಡು ಹೊಟ್ಟೆ ಹಿಡಿದು ನಕ್ಕ. ನಗುತ್ತಲೇ ಬಲಕ್ಕೆ ಬಂದು, ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದ. ಏನೆಂದು ರಾಮಾಂಜಿನಪ್ಪನಿಗೆ ಕೇಳಿಸಲಿಲ್ಲ. ಹೌದು ಹೌದು ಎಂದು ತಲೆಯಾಡಿಸಿದ.