ಹಾರಲು ಬಿಡದ ವಿಮಾನ

ನನ್ನ ತಂಗಿ ಗಲ್ಫ್ ದೇಶದ ಒಂದು ಮನೆಯಲ್ಲಿ ಅಡುಗೆ ಕೆಲಸ ಮಾಡುತ್ತಾಳೆ. ಹೋಗಿ ಹಲವು ವರ್ಷಗಳಾದವು. ಅವಳ ಗಂಡ ತೆಲುಗು ಸೀಮೆಯ ಮಡಕಶಿರದಲ್ಲಿ ಆಟೊ ಓಡಿಸುತ್ತಾರೆ. ಇರುವವಳು ಒಬ್ಬಳೇ ಮಗಳು. ಆ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ತಂಗಿ ತನ್ನ ಯಜಮಾನಿಯನ್ನು ಕಾಡಿ ಬೇಡಿ ರಜೆ ಪಡೆದಿದ್ದಳು. ನಾನು ರಾಯದುರ್ಗದಲ್ಲಿ ಮನೆಯಲ್ಲೇ ಕೂತು ಜೀನ್ಸ್ ಪ್ಯಾಂಟ್ ಹೊಲಿಯುವವಳು. ಹೊಲಿಗೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ತಂಗಿಯನ್ನು ಎದುರುಗೊಳ್ಳಲು ಮಡಕಶಿರಕ್ಕೆ ಬಂದಿದ್ದೆ.

ಅವಳ ಟಿಕೆಟ್ ನೇರ ಬೆಂಗಳೂರಿನದಲ್ಲ. ನಡುವೆ ಇನ್ನೊಂದು ದೇಶದಲ್ಲಿ ಇಳಿದು, ಆ ದೇಶದ ಕಂಪನಿಯದೇ ಬೇರೆ ವಿಮಾನ ಹತ್ತಬೇಕು. ಅಗ್ಗವೆಂದು ಏಜೆಂಟರು ಕೊಡಿಸುತ್ತಿದ್ದುದು ಅದನ್ನೇ. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ಅದರಲ್ಲೇ ಓಡಾಡುತ್ತಿದ್ದರು.

ಅವಳು ಬರುವ ದಿನ ನಾನೂ ಅವಳ ಗಂಡನೂ ಬೆಳಗಿನ ಬಸ್ಸು ಹತ್ತಿ ಬೆಂಗಳೂರು ಸೇರಿ, ಇನ್ನೊಂದು ಬಸ್ಸಿನಲ್ಲಿ ವಿಮಾನ ನಿಲ್ದಾಣ ಮುಟ್ಟಿದೆವು. ಹೊರಬರುವ ಬಾಗಿಲ ಮುಂದೆ ಕಂಬಿ ಹಿಡಿದು ನಿಂತೆವು. ಯಾವ್ಯಾವುದೋ ದೇಶದವರು ಪೆಟ್ಟಿಗೆ ತಳ್ಳಿಕೊಂಡು ಹೊರಬಂದರು. ತಂಗಿ ಬರಲಿಲ್ಲ. ಮಧ್ಯಾಹ್ನವಾಯಿತು. ನಾನು ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನವನ್ನು ಇಬ್ಬರೂ ಅಲ್ಲೇ ಒಂದು ಮೂಲೆಯಲ್ಲಿ ಕೂತು ತಿಂದು ಮತ್ತೆ ನಿಂತೆವು. ಕೊನೆಗೆ ತಂಗಿಯ ಗಂಡ ಕೇಳಿ ಕೇಳಿ ಆ ಕಂಪನಿಯ ಹುಡುಗಿಯೊಬ್ಬಳನ್ನು ಹುಡುಕಿ ಕರೆತಂದರು. ಅವಳೂ ಬೆಳಗಿನಿಂದ ಎಲ್ಲರಿಗೂ ಒಂದೇ ಮಾತು ಹೇಳಿ ಸೋತಿದ್ದಳು.

"ಅಮ್ಮ, ಆ ವಿಮಾನ ಇವತ್ತು ಬರಲ್ಲ," ಎಂದಳು. "ಸರ್ಕಾರದವರು ನಿನ್ನೆ ಬಂದ ನಮ್ಮ ವಿಮಾನ ಹತ್ತಿ ತಪಾಸಣೆ ಮಾಡಿದಾರೆ. ಏನೋ ಸರಿ ಇಲ್ಲ ಅಂತ ಹಾರೋಕೆ ಬಿಟ್ಟಿಲ್ಲ. ಅದು ಇಲ್ಲೇ ನಿಂತಿದೆ. ಅದೇ ವಾಪಸ್ ಹೋಗಿ ನಿಮ್ಮವರನ್ನ ಕರ್ಕೊಂಡು ಬರಬೇಕಿತ್ತು."

ತಂಗಿಯ ಗಂಡ ನನ್ನ ಕಡೆ ತಿರುಗಿದರು. "ಏನಕ್ಕ, ಇಮಾನಕ್ಕೂ ಬ್ರೇಕ್ ಇನ್‌ಸ್ಪೆಕ್ಟರ್ ಇರ್ತಾರಾ?" ರಸ್ತೆಯಲ್ಲಿ ಗಾಡಿ ನಿಲ್ಲಿಸಿ ತಪಾಸಣೆ ಮಾಡುವ ಅಧಿಕಾರಿಯನ್ನು ನಮ್ಮ ಕಡೆ ಕರೆಯುವುದೇ ಹಾಗೆ. ಆಟೊದವರಿಗೆ ಆ ಹೆಸರು ಕೇಳಿದರೇ ಬೆವರು. "ಇಷ್ಟು ವರ್ಸ ಹಾರ್ತಿರ್ಲಿಲ್ವಾ ಅದು? ನನ್ನ ಹೆಂಡ್ತಿ ಬರೋ ದಿನಾನೇ ಕಣ್ಣು ಬಿಡ್ತಾ ಇವರಿಗೆ?"

"ಸುಮ್ನಿರ್ರಿ, ಆ ಹುಡುಗಿ ಏನು ಮಾಡ್ಯಾಳು," ಎಂದೆ. ನನಗೂ ಒಳಗೊಳಗೇ ಅದೇ ಸಿಟ್ಟು.

ಬಸ್ಸಿನಲ್ಲಿ ವಾಪಸಾಗುವಾಗ ತಂಗಿಯ ಫೋನು ಬಂತು. ನಡುವಿನ ದೇಶದ ನಿಲ್ದಾಣದಲ್ಲಿ ಸಿಕ್ಕಿಬಿದ್ದಿದ್ದಳು. ವೀಸಾ ಇಲ್ಲದ್ದರಿಂದ ಹೊರಗೆ ಬಿಡುವುದಿಲ್ಲ. ಹಿಂದಕ್ಕೆ ಹೋಗೋಣವೆಂದರೆ ಯಜಮಾನಿ ಮನೆಗೆ ಬೀಗ ಹಾಕಿ ಊರು ಬಿಟ್ಟಿದ್ದಾಳೆ. "ಅಕ್ಕಾ, ಇಲ್ಲಿ ನಮ್ಮಂಥೋರು ಭಾಳ ಮಂದಿ ಕುಂತೀವಿ. ನಾಳೆ ನಾಡಿದ್ದು ಅಂತಾರ. ಫೋನಿನ್ಯಾಗ ಚಾರ್ಜ್ ಇಲ್ಲ, ಇಡ್ತೀನಿ," ಎಂದಳು. ಮಗಳ ಸುದ್ದಿ ಕೇಳುವಷ್ಟರಲ್ಲಿ ಕರೆ ಕಡಿಯಿತು.

ನಾಳೆ ಬಂತು, ನಾಡಿದ್ದೂ ಬಂತು. ದಿನವೂ ಒಂದೇ ಮಾತು. ಏಜೆಂಟರಿಗೆ ಫೋನು ಮಾಡಿದರೆ ಕಂಪನಿಯವರನ್ನು ಕೇಳಿ ಎನ್ನುತ್ತಿದ್ದರು. ಕಂಪನಿಯ ಫೋನಿನಲ್ಲಿ ಬರೀ ಸಂಗೀತ. ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ತಂಗಿಯ ಗಂಡ ತೆಲುಗು ಪೇಪರು ತಂದು ನನ್ನ ಮುಂದೆ ಹರಡಿದರು. ಆ ಕಂಪನಿಯ ಇನ್ನೆರಡು ವಿಮಾನಗಳನ್ನೂ ತಪಾಸಣೆ ಮಾಡಿದ್ದರಂತೆ. ಸವೆದ ಟೈರುಗಳು, ಸರಿಯಾಗಿ ಹಾಕಿಕೊಳ್ಳದ ತುರ್ತು ಬಾಗಿಲು. ಇವನ್ನು ಸರಿಪಡಿಸಿ ತೋರಿಸದಿದ್ದರೆ ನಮ್ಮ ದೇಶಕ್ಕೆ ಅವರ ವಿಮಾನ ಇಳಿಯುವುದನ್ನೇ ನಿಷೇಧಿಸುತ್ತೇವೆ ಎಂದು ಸರ್ಕಾರ ಹೇಳಿತ್ತು.

ತಂಗಿಯ ಗಂಡ ಟೀ ಆರಲು ಬಿಟ್ಟು ಕೂತಿದ್ದರು. "ಹೋಗೋವಾಗ, ಬರೋವಾಗ ಎಲ್ಲ ಅದ್ರಾಗೇ ಕೂತಿದ್ಲು ಕಣಕ್ಕ," ಎಂದರು. ಆಮೇಲೆ ಅವರು ಇನ್‌ಸ್ಪೆಕ್ಟರುಗಳನ್ನು ಬೈಯಲಿಲ್ಲ. ಬೈಯಲು ಯಾರೂ ಸಿಗದೆ ಇನ್ನಷ್ಟು ಕುಗ್ಗಿದರು.

ಅದೇ ದಿನ ಮಧ್ಯಾಹ್ನ ತಂಗಿಯ ಮಗಳಿಗೆ ಹೆರಿಗೆ ನೋವು ಶುರುವಾಯಿತು. ಕಾರು ಮಾಡಿಕೊಂಡು ಹಿಂದೂಪುರದ ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ಅವಳು ನನ್ನ ಮಣಿಕಟ್ಟನ್ನು ಹಿಡಿದಿದ್ದಳು.

"ದೊಡ್ಡಮ್ಮ, ಅಮ್ಮ ಬತ್ತಾಳಾ?"

"ಬರ್ತಾಳವ್ವ."

"ಯಾವಾಗ?"

ಅವಳ ಬೆನ್ನು ನೀವುತ್ತಾ ಹೋದೆ. ನನ್ನ ಹೊಟ್ಟೆಯಲ್ಲಿ ಮಕ್ಕಳು ಹುಟ್ಟಲಿಲ್ಲ. ಹೆರಿಗೆ ಕೋಣೆಯ ಬಾಗಿಲಲ್ಲಿ ನರ್ಸಮ್ಮ ತೆಲುಗಿನಲ್ಲಿ "ತಾಯಿ ಯಾರು?" ಎಂದು ಕೇಳಿದಾಗ ಒಂದು ಗಳಿಗೆ ತಡವರಿಸಿ, "ನಾನೇ" ಎಂದುಬಿಟ್ಟೆ.

ಸಂಜೆಗೆ ಹೆಣ್ಣು ಮಗು ಹುಟ್ಟಿತು. ತಂಗಿಗೆ ವಿಡಿಯೊ ಕರೆ ಮಾಡಿದೆವು. ಅವಳು ನೆಲದ ಮೇಲೆ ಚೀಲಕ್ಕೆ ಒರಗಿ ಕೂತಿದ್ದಳು. ಕಣ್ಣು ಒಳಕ್ಕೆ ಹೋಗಿದ್ದವು. ಮಗುವನ್ನು ಫೋನಿನ ಮುಂದೆ ಹಿಡಿದಾಗ ಸೆರಗು ಬಾಯಿಗೆ ಒತ್ತಿಕೊಂಡಳು. ಸುತ್ತಲಿದ್ದ ಹೆಂಗಸರು ಬಗ್ಗಿ ಬಗ್ಗಿ ನೋಡಿದರು. ಯಾರೋ ಒಬ್ಬಾಕೆ ತನ್ನ ಮನೆಗೆ ಒಯ್ಯುತ್ತಿದ್ದ ಖರ್ಜೂರದ ಡಬ್ಬಿಯನ್ನೇ ಒಡೆದು ಎಲ್ಲರಿಗೂ ಹಂಚಿದಳು.

"ಅಮ್ಮ, ಮೂಗು ನಿಂದೇ," ಎಂದಳು ಹುಡುಗಿ ಹಾಸಿಗೆಯಿಂದ.

"ಸರಿಯಾಗಿ ನೋಡಿಲ್ಲವ್ವ. ಕಣ್ಣೀರು ಅಡ್ಡ ಬಂತು. ಇನ್ನೊಂದ್ಸಲ ತೋರ್ಸು," ಎಂದಳು ತಂಗಿ.

ಕಂಪನಿ ಕೊನೆಗೂ ಅವರೆಲ್ಲರನ್ನೂ ಬೇರೆಯವರ ವಿಮಾನದಲ್ಲಿ ಮುಂಬೈಗೆ ಕಳಿಸಿ ಕೈ ತೊಳೆದುಕೊಂಡಿತು. ಅಲ್ಲಿಂದ ಬೆಂಗಳೂರಿನ ರೈಲು ಹಿಡಿದು ಅವಳು ಹಿಂದೂಪುರದಲ್ಲಿ ಇಳಿದಳು. ದೊಡ್ಡ ಪೆಟ್ಟಿಗೆ ಎಲ್ಲಿ ಹೋಯಿತೋ, ಕೈಯಲ್ಲಿದ್ದುದು ಒಂದು ಚೀಲ. ಉಟ್ಟ ಸೀರೆಯಲ್ಲೇ ಅಷ್ಟೂ ದಿನ ಕಳೆದಿದ್ದಳು. ಗಂಡನನ್ನು ಕಂಡು ಅಳುತ್ತಾಳೆಂದುಕೊಂಡಿದ್ದೆ. "ಮೊದಲು ಸ್ನಾನ ಮಾಡಬೇಕು, ಹಿಂಗ ಕೂಸು ಮುಟ್ಟಾಕ ಆಗಂಗಿಲ್ಲ," ಎಂದಳು, ಅಷ್ಟೆ.

ಮಡಕಶಿರದ ಮನೆಯಲ್ಲಿ ಸ್ನಾನ ಮಾಡಿ, ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡ ಮೇಲೆ ಅವಳ ಗಂಡ ಪೇಪರಿನಲ್ಲಿದ್ದುದನ್ನು ಹೇಳಿದರು. ಅವಳಿಗೆ ಆಶ್ಚರ್ಯವಾಗಲಿಲ್ಲ. ಕಳೆದ ಸಲ ಹೋಗುವಾಗ ಅವಳ ಸೀಟಿನ ಬೆಲ್ಟು ಹಾಕಿದರೆ ನಿಲ್ಲುತ್ತಿರಲಿಲ್ಲವಂತೆ. ಹೇಳಿದರೆ ಗಟ್ಟಿಯಾಗಿ ಹಿಡಿದುಕೊಂಡು ಕೂರು ಎಂದರಂತೆ. ಮೇಲೆ ಹೋದ ಮೇಲೆ ಸುಟ್ಟ ವಾಸನೆ ಬಂದು, ವಿಮಾನ ಅಷ್ಟು ಎತ್ತರದಿಂದ ಒಮ್ಮೆಲೇ ಕೆಳಕ್ಕೆ ಕುಸಿದಂತಾಗಿ, ಪಕ್ಕದ ಗುರುತಿಲ್ಲದ ಹೆಂಗಸೂ ಇವಳೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಕೂತಿದ್ದರಂತೆ.

"ಇದನ್ನ ನಮಗ್ಯಾಕ ಹೇಳಲಿಲ್ಲ ನೀನು?" ಎಂದೆ.

"ಹೇಳಿದ್ರ ಕಳಸ್ತಿದ್ರೇನು ನೀವು?" ಮಗುವಿನ ಮುಖದಿಂದ ಕಣ್ಣು ಎತ್ತದೆ ಹೇಳಿದಳು. "ನಿಲ್ಸಿದ್ದು ಒಳ್ಳೇದಾತು ಅಕ್ಕ. ಅಲ್ಲಿ ಕುಂತಾಗ ಶಾಪ ಹಾಕೀನಿ, ಸುಳ್ಳು ಹೇಳಂಗಿಲ್ಲ. ಆದ್ರ ನಿಲ್ಸಿದೋರು ನಮ್ಮನ್ನೂ ಒಂದು ಮಾತು ಕೇಳಬೇಕಿತ್ತು. ಎಲ್ಲಿ ಕುಂತೀರಿ, ಉಂಡೀರೇನು ಅಂತ."

ಅವಳ ಗಂಡ ಎದ್ದು ಹೊರಗೆ ಹೋಗಿ ಆಟೊದ ಪಕ್ಕ ನಿಂತರು.

ರಜೆಯ ಬಹುಪಾಲು ಆ ನಿಲ್ದಾಣದಲ್ಲೇ ಕರಗಿತ್ತು. ಯಜಮಾನಿ ಹೆಚ್ಚಿಗೆ ಒಂದು ದಿನವನ್ನೂ ಕೊಡಲಿಲ್ಲ. ತಂಗಿ ಉಳಿದ ದಿನಗಳಲ್ಲಿ ಅರ್ಧ ನಿದ್ದೆಯಲ್ಲೇ ಕಳೆದಳು. ಮಗುವಿನ ಪಕ್ಕ ಮಲಗಿದರೆ ಎಬ್ಬಿಸಲು ನಮಗೇ ಮನಸ್ಸಾಗುತ್ತಿರಲಿಲ್ಲ. ಹೆಸರಿಡುವ ಶಾಸ್ತ್ರವನ್ನು ಅವಳಿಗೋಸ್ಕರ ಬೇಗ ಮುಗಿಸಿದೆವು. ಆ ಕಂಪನಿಯ ವಿಮಾನಗಳನ್ನು ಸರ್ಕಾರ ಅಷ್ಟರಲ್ಲಿ ನಿಲ್ಲಿಸಿಯೇ ಬಿಟ್ಟಿತ್ತು. ಬೇರೆ ಕಂಪನಿಯ ನೇರ ವಿಮಾನದಲ್ಲಿ ಅವಳು ಹೋದಳು. ಅದು ಹೇಗಿದೆಯೆಂದು ಅವಳ ಗಂಡ ಕೇಳಿದ್ದಕ್ಕೆ ಏಜೆಂಟರು, "ಇದಕ್ಕೆ ಯಾವ ಕಂಪ್ಲೇಂಟೂ ಬಂದಿಲ್ಲ" ಎಂದಿದ್ದರು. ಅದನ್ನೇ ನಂಬಬೇಕಾಯಿತು.

ನಾನು ಬಾಣಂತನಕ್ಕೆಂದು ಮಡಕಶಿರದಲ್ಲೇ ಉಳಿದೆ. ಅವಳು ಹೋದ ಮಾರನೆಯ ದಿನ ಹುಡುಗಿಯನ್ನು ಬಚ್ಚಲಲ್ಲಿ ಕೂರಿಸಿ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದೆ.

"ಅಮ್ಮ ಅಲ್ಲಿಗೆ ಮುಟ್ಟಿದ್ಲಂತಾ ದೊಡ್ಡಮ್ಮ?"

"ಮುಟ್ಯಾಳ. ಈಗ ಯಜಮಾನಿ ಅಡಿಗಿಮನ್ಯಾಗ ನಿಂತಾಳಂತ."

ನೀರು ಹದವಾಗಿದೆಯೇ ಎಂದು ಕೈ ಅದ್ದಿ ನೋಡಿ, ಒಂದೊಂದೇ ಚೊಂಬು ಬೆನ್ನ ಮೇಲೆ ಹೊಯ್ದೆ.