ಬೆಂಕಿಯ ಪಕ್ಕ ಮಲಗದವನು

ಓರಿನ್ ಟ್ಯಾಕೆಟ್ ಪ್ರಾಯವನ್ನೆಲ್ಲ ಅಮೆರಿಕದ ನೆಬ್ರಾಸ್ಕ ಹುಲ್ಲುಗಾವಲಿನಲ್ಲಿ ಸೈನ್ಯಕ್ಕೆ ದಾರಿ ತೋರಿಸುತ್ತ ಕಳೆದು, ಮಂಡಿ ಸೋತ ಮೇಲೆ ಹಳೆಯ ಕಾಳಗಗಳನ್ನು ಜನರೆದುರು ಆಡಿ ತೋರಿಸುವ ನಮ್ಮ ಕುದುರೆ ಆಟದ ಕಂಪನಿ ಸೇರಿದ. ಅವನು ಉಂಡ ಜಾಗದಲ್ಲಿ ಎಂದೂ ಮಲಗಿದವನಲ್ಲ. ಹೊಗೆಯ ಜಾಡು ಹಿಡಿದು ಶತ್ರು ಬಂದಾನೆಂದು ಬೆಂಕಿ ಆರಿಸಿ, ಕಂಬಳಿ ಹೊತ್ತು ದೂರ ಹೋಗಿಬಿಡುತ್ತಿದ್ದ. ಮದುವೆಯ ದಿನವೂ ಹಾಗೇ ಹೊರಟನಂತೆ. ಹೆಂಡತಿ ಬೈಯುತ್ತಲೇ ಹಿಂದೆ ನಡೆದಳಂತೆ.

ಆ ನೆಲದ ಮೂಲನಿವಾಸಿಗಳಾದ ಪಾನೀ ಬುಡಕಟ್ಟಿನ ನಾವು ಸೈನ್ಯದಲ್ಲಿ ಅವನ ಜೊತೆಗಾರರು. ಆಟದಲ್ಲಿ ಮಾತ್ರ ಶತ್ರುಗಳು. ಅವನು ಉಂಡು ಬೆಂಕಿಯ ಪಕ್ಕ ಮಲಗಬೇಕು, ನಾವು ಕೂಗುತ್ತ ಮುತ್ತಬೇಕು ಎಂದು ಮಾಲೀಕ ಹೋಬಾರ್ಟ್ ಅಪ್ಪಣೆ ಮಾಡಿದ.

“ಬೆಂಕಿ ಪಕ್ಕ ಯಾವ ದಡ್ಡ ಮಲಗ್ತಾನ್ರೀ?” ಎಂದ ಓರಿನ್.

“ಸಂಬಳ ಬೇಕಾದ ದಡ್ಡ! ಸುಮ್ನೆ ಬಿದ್ಕೊಳಯ್ಯ!”

ಮೊದಲ ಆಟದಲ್ಲೇ ನಾವು ಕೊಡಲಿ ಎತ್ತಿ ನುಗ್ಗಿದರೆ ಬೆಂಕಿ ಆರಿತ್ತು, ಬಾಣಲೆ ಖಾಲಿ, ಆಸಾಮಿ ನಾಪತ್ತೆ. ಹುಡುಕಿದರೆ, ಆಟ ನೋಡಲು ಬಂದ ಜನರ ನಡುವೆ ಬೆಂಚಿನ ಮೇಲೆ ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಿದ್ದ! ಹೋಬಾರ್ಟ್ ಕೆಂಡವಾಗಿ, ಅವನ ಹೆಸರು ಹಿಡಿದು ಕಿರುಚುತ್ತ ಬಂದ. ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ಕೊಡೆಯಿಂದ ಮಾಲೀಕನಿಗೊಂದು ತಿವಿದು, ಕೊಡಲಿ ಹಿಡಿದು ನಿಂತಿದ್ದ ನನ್ನತ್ತ ಕಣ್ಣಲ್ಲೇ ತೋರಿಸಿ ಪಿಸುಗುಟ್ಟಿದಳು:

“ಮೆಲ್ಲಗೆ ಕಣಪ್ಪಾ! ಅವರಿಗೆ ಕೇಳ್ಸಿಬಿಟ್ಟೀತು. ಪಾಪ, ಈಗಷ್ಟೇ ತಪ್ಪಿಸ್ಕೊಂಡು ಬಂದಿದ್ದಾನೆ!”